ಆರು ಟೈಲು

ಕತ್ತರಿ ಬಟ್ಟೆಯ ಅಂಚನ್ನು ಕಚ್ಚಿದ್ದೇ ತಡ, ಕುರ್ಚಿಯಲ್ಲಿ ಕೂತಿದ್ದ ಅತ್ತೆ ಕೇಳಿದರು, "ಇದೇನೇ, ಆಸ್ಪತ್ರೆ ಕಿಟಕಿಗೆ ಪರದೆನೋ, ಮಗೂಗೆ ಲಂಗಾನೋ?"

ಸೊಸೆಯ ಕೈ ಅಲ್ಲೇ ನಿಂತಿತು. ಐದು ವರ್ಷ ಮನೆಯ ಹಜಾರದಲ್ಲೇ ಪರದೆ ಹೊಲಿದವಳು ಅವಳು. ಒಂದು ಪರದೆಗೆ ನೆಲದ ಆರು ಟೈಲು ಉದ್ದ. ಟೇಪು ಹಿಡಿದವಳೇ ಅಲ್ಲ. ಮನೆಯಲ್ಲಿ ಹಿಡಿಸದಷ್ಟು ಆರ್ಡರು ಬಂದು ಈ ಬಾಡಿಗೆ ಮಳಿಗೆಗೆ ಬಂದ ಮೊದಲ ದಿನವಾದ ಇಂದೂ ಮಂಡಿಯೂರಿ ಆರೇ ಎಣಿಸಿದ್ದಳು. ಇಲ್ಲಿನ ಟೈಲು ಒಂದೊಂದೂ ಮನೆಯದಕ್ಕಿಂತ ನಾಲ್ಕು ಬೆರಳು ಚಿಕ್ಕದು. ಆಸ್ಪತ್ರೆಯವರು ಕಳಿಸಿದ್ದ ಬಟ್ಟೆಯಲ್ಲಿ ಒಂದು ಗೇಣೂ ಹೆಚ್ಚಿರಲಿಲ್ಲ.

"ಮನೇಲೇ ಇರಬೇಕಿತ್ತು ಅತ್ತೆ. ಆ ನೆಲ ಬಿಟ್ರೆ ನಂಗೇನೂ ಬರಲ್ಲ," ಎಂದಳು.

ಇಲ್ಲಿನ ಕೆಲಸಕ್ಕೆ ಕೈ ಹಾಕುವುದಿಲ್ಲವೆಂದು ಬೆಳಿಗ್ಗೆಯೇ ಸಾರಿದ್ದ ಅತ್ತೆ ಸೊಂಟ ಹಿಡಿದುಕೊಂಡು ನೆಲಕ್ಕಿಳಿದರು. ಕತ್ತರಿ ಕಚ್ಚಿದ ಜಾಗವನ್ನು ಬೆರಳಲ್ಲಿ ಸವರಿದರು. "ಅಂಚು ಮಡಚಿದ್ರೆ ಕಾಣಲ್ಲ ಬಿಡು. ಟೇಪು ತೆಗಿ. ಆಸ್ಪತ್ರೆಯವ್ರು ಹೇಳಿದ ಉದ್ದ ಅಳೆದು, ಇಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳಿ. ಬಾಡಿಗೆ ಕೊಡೋದು ನಾವೇ ತಾನೇ?"

ಅವಳು ಟೇಪು ಹಿಡಿದು ಅಳೆದು ಗೆರೆ ಎಳೆದಳು. ಅತ್ತೆ ಬಟ್ಟೆಯ ಆ ತುದಿಯನ್ನು, ಮನೆಯಲ್ಲಿ ಹಿಡಿಯುತ್ತಿದ್ದ ಹಾಗೆಯೇ, ಗೆರೆಯ ಮೇಲೆ ಅಂಗೈಯಿಂದ ಒತ್ತಿ ಹಿಡಿದು ಕೂತರು.