ಕೆಂಪು ಚುಕ್ಕಿಯ ಲೋಟ

ಊಟ ಮಾಡ್ತಾ ಓದ್ತಿದ್ರೆ ತಟ್ಟೆ ಸ್ವಲ್ಪ ಪಕ್ಕಕ್ಕಿಡಿ... ಇದು ಹೇಸಿಗೆಯ ಕಥೆ. ಆದರೆ ಅರ್ಧಕ್ಕೆ ಬಿಡಬೇಡಿ.

ದಾವಣಗೆರೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ನೀಲಾಂಬಿಕೆಯನ್ನ ಊರೆಲ್ಲ ನೀಲಕ್ಕ ಅಂತಾರೆ. ಕೈ ಧಾರಾಳ, ಬಾಯಿ ಜೋರು... ಮಡಿ ಮಾತ್ರ ಒಂದು ತೂಕ ಜಾಸ್ತಿ.

ಒಮ್ಮೆ ವ್ಯಾಪಾರದ ಕೆಲಸಕ್ಕೆ ಪಾಂಡಿಚೇರಿಗೆ ಹೊರಟಳು. ಕಾರು ಓಡಿಸಿದ್ದು ಹನ್ನೊಂದು ವರ್ಷದಿಂದ ಜೊತೆಗಿರೋ ಡ್ರೈವರ್ ದುರುಗಪ್ಪ.

ದಾರಿಯಲ್ಲಿ ತಿಂದ ಪಲಾವ್ ಕೈಕೊಟ್ಟಿತು. ಕಾರಲ್ಲೇ ಭಕ್ ಅಂತ ವಾಂತಿ... ಸೀರೆ, ಸೀಟು, ಮ್ಯಾಟು ಎಲ್ಲಾ ರಾಡಿ!

ದುರುಗಪ್ಪ ಕಾರು ನಿಲ್ಲಿಸಿದ. ತನ್ನ ಹೆಗಲ ಮೇಲಿನ ಟವೆಲಿನಿಂದಲೇ ಎಲ್ಲ ಬಳಿದ. ಎರಡನೇ ಸಲ ವಾಂತಿ ಬಂದಾಗ ಬೊಗಸೆಯನ್ನೇ ಒಡ್ಡಿದ. ಒಂದು ಸಲವೂ ಮುಖ ಕಿವುಚಲಿಲ್ಲ.

ನೀಲಕ್ಕ ಏನಂದಳು ಗೊತ್ತಾ? "ಇನ್ನೂ ವಾಸನೆ ಐತಲ್ಲೋ... ಸರಿಯಾಗಿ ತಿಕ್ಕು."

ಮಾರನೇ ದಿನ ಮಧ್ಯಾಹ್ನ ಮಗಳ ಫೋನು. "ಅಮ್ಮ, ಅಲ್ಲೊಂದು ಹಳೇ ಕಾಲದ ಫ್ರೆಂಚ್ ರೆಸ್ಟೋರೆಂಟ್ ಐತಿ. ವೆಜ್ ಮಾಡಿಕೊಡ್ತಾರೆ. ದುರುಗಣ್ಣನೂ ಉಣ್ಣಲಿ ಅಂತ ಇಬ್ಬರಿಗೆ ಟೇಬಲ್ ಬುಕ್ ಮಾಡಿದೀನಿ."

ಡ್ರೈವರ್ ಜೊತೆ ಒಂದೇ ಟೇಬಲ್ಲಾ? ನೀಲಕ್ಕನಿಗೆ ಅಲ್ಲೇ ಅರ್ಧ ಹಸಿವು ಸತ್ತಿತು. ಮಗಳಿಗೆ ಎದುರಾಡೋಕೆ ಆಗದೆ ಹೋದಳು.

ಹಳದಿ ಗೋಡೆ, ಕೆಂಪು ಚೌಕಳಿ ಮೇಜುಬಟ್ಟೆ, ಮೂಲೆಯಲ್ಲಿ ಕೊರಕೊರ ಅನ್ನೋ ಗ್ರಾಮಫೋನು, ಮೇಣ ಸುರಿದು ಹೆಪ್ಪುಗಟ್ಟಿದ ಹಳೇ ಬಾಟಲಿಗಳು... ಚೆಂದವೇ ಇತ್ತು ಅನ್ನಿ. ಆದರೆ ನೀಲಕ್ಕನಿಗೆ, "ಇದನ್ನೆಲ್ಲ ಒರೆಸಿ ಎಷ್ಟು ವರ್ಷ ಆಯ್ತೋ" ಅನ್ನಿಸಿತು.

ಪಕ್ಕದ ಮೇಜಿನವರು ಚಿಪ್ಪಿನೊಳಗಿಂದ ಏನನ್ನೋ ಎಳೆದೆಳೆದು ತಿಂತಿದ್ದರು. ಬಗ್ಗಿ ನೋಡಿದರೆ... ಬಸವನಹುಳು!

"ಶಿವಶಿವಾ! ಬಸವಣ್ಣನ ಹೆಸರು ಇಟ್ಕಂಡಿರೋ ಹುಳಾನೂ ಬಿಡಲಿಲ್ಲವಲ್ಲಪ್ಪ ಇವರು!" ಕುರ್ಚಿಯನ್ನೇ ಆಚೆ ತಿರುಗಿಸಿಕೊಂಡಳು.

ಹೋಟೆಲಿನ ಒಡತಿ ಸೆಲೆಸ್ತಿನ್ ಅಜ್ಜಿ. ಎಂಬತ್ತರ ಮುದುಕಿ. ಚಿಕ್ಕಂದಿನಲ್ಲಿ ಬೆಂಗಳೂರಿನ ಕಾನ್ವೆಂಟಲ್ಲಿ ಓದಿದ್ದರಿಂದ ಕನ್ನಡ ಚೆನ್ನಾಗೇ ಬರುತ್ತಿತ್ತು. ಅಜ್ಜಿಯೇ ಬಂದು ಮೇಜಿನ ನಡುವೆ ಒಂದು ಪುಟ್ಟ ಒಲೆ, ಅದರ ಮೇಲೆ ಕುದಿಯೋ ಚೀಸಿನ ಗಡಿಗೆ ಇಟ್ಟಳು. ವಾಸನೆಯೋ... ನೆನೆದ ಸಾಕ್ಸ್ ಬೇಯಿಸಿದ ಹಾಗೆ!

"ಬ್ರೆಡ್ ಚುಚ್ಚಿ, ಇಬ್ಬರೂ ಇದರಲ್ಲೇ ಅದ್ದಿ ತಿನ್ನಬೇಕು. ಒಂದೇ ಪಾತ್ರೆ... ಅದೇ ಖುಷಿ!"

ನೀಲಕ್ಕ ಹಿಂದಕ್ಕೆ ಸರಿದಳು. ಗಬ್ಬು ವಾಸನೆ ಹೇಗೋ ತಡಕೊಳ್ಳಬಹುದು... ಆದರೆ ಇವನ ಎಂಜಲು? ಇವನ ಬಾಯಿಗೆ ಹೋದ ಫೋರ್ಕು ಇದರಲ್ಲೇ ಮುಳುಗಬೇಕಾ? ಥೂ!

ದುರುಗಪ್ಪ ಅವಳ ಮುಖ ನೋಡಿದ. ಗಾಜಿನ ಲೋಟ ಪಕ್ಕಕ್ಕೆ ಸರಿಸಿ, ತನ್ನ ಚೀಲದಿಂದ ಒಂದು ಸ್ಟೀಲ್ ಲೋಟ ತೆಗೆದು, ನೀರು ಬಗ್ಗಿಸಿ ಮುಂದಿಟ್ಟುಕೊಂಡ.

ಆ ಲೋಟ ನಿಮಗೂ ಗೊತ್ತಿರುತ್ತೆ... ನೀಲಕ್ಕನ ಮನೆಯ ಹಿತ್ತಲ ಕಿಟಕಿಯಲ್ಲಿ ಬೋರಲು ಬಿದ್ದಿರೋ ಲೋಟ, ದೂರದೂರಿಗೆ ಹೊರಟಾಗ ಅವನ ಚೀಲ ಸೇರೋದು. ಉಳಿದವುಗಳ ಜೊತೆ ಸೇರಬಾರದು ಅಂತ ನೀಲಕ್ಕನೇ ಅದರ ಮೇಲೆ ನೇಲ್ ಪಾಲಿಶಿನ ಕೆಂಪು ಚುಕ್ಕಿ ಇಟ್ಟಿದ್ದಳು.

ಅಜ್ಜಿಗೆ ಕುತೂಹಲ. "ಏನಪ್ಪ ಈ ಚುಕ್ಕಿ?"

"ಗುರುತು ರೀ ಅಜ್ಜಿ... ಇದು ನಂದು, ಡ್ರೈವರಂದು ಅಂತ. ನಮ್ಮ ಅಕ್ಕಾರೇ ಇಟ್ಟಿದ್ದು. ಅವರ ಮನ್ಯಾಗೆ ಇದನ್ನ ಬೇರೆ ಯಾರೂ ಮುಟ್ಟಂಗಿಲ್ಲ."

ಅಜ್ಜಿಯ ಕಣ್ಣು ಅರಳಿತು. ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಮರದ ಪುಟ್ಟ ಪುಟ್ಟ ಗೂಡುಗಳು, ಒಂದೊಂದಕ್ಕೂ ಒಂದು ನಂಬರು, ಒಳಗೆ ಮಡಿಸಿಟ್ಟ ಬಿಳಿ ಬಟ್ಟೆ.

"ಇದು ನಮ್ಮ ಹಳೇ ಪದ್ಧತಿ. ದಿನಾ ಬರೋರಿಗೆ ಅವರದೇ ಕೈಬಟ್ಟೆ, ಅವರದೇ ನಂಬರು. ಬೇರೆಯವರು ಮುಟ್ಟೋ ಹಾಗಿಲ್ಲ. ನೀನು ಗಿರಾಕಿ ಅಲ್ಲ, ಮನೆಯವನು ಅನ್ನೋ ಮರ್ಯಾದೆ ಅದು..."

ಅಜ್ಜಿ ನೀಲಕ್ಕನ ಕಡೆ ತಿರುಗಿದಳು. "ಡ್ರೈವರಿಗೆ ಇಷ್ಟು ಮರ್ಯಾದೆ ಕೊಡೋರನ್ನ ನಾನು ನೋಡೇ ಇಲ್ಲ ತಾಯಿ!"

ಹಾಗಂದವಳೇ ನೀಲಕ್ಕನ ಕೈ ಹಿಡಿದು, ಬಗ್ಗಿ, ಮುತ್ತಿಟ್ಟಳು... ಆ ಚುಕ್ಕಿ ಇಟ್ಟ ಅದೇ ಕೈಗೆ!

ನೀಲಕ್ಕ ಕೈ ಎಳೆದುಕೊಂಡಳು. ದುರುಗಪ್ಪ ಚುಚ್ಚಿ ಮಾತಾಡಿದನಾ ಅಂತ ನೋಡಿದಳು. ಇಲ್ಲ... ಅವನು ತಲೆ ತಗ್ಗಿಸಿಕೊಂಡು ಬ್ರೆಡ್ ಮುರೀತಿದ್ದ. ನಾಲ್ಕು ಜನರ ಮುಂದೆ ಅವಳ ಮಾನ ಉಳಿಸಿದ್ದ, ಅಷ್ಟೇ.

ಆಗ ಕಂಡಿತು... ಅವನ ಫೋರ್ಕು ಒಣಗೇ ಇತ್ತು.

"ಯಾಕೋ, ಅದ್ದಲಿಲ್ಲ?"

"ನೀವು ಉಣ್ರಿ ಅಕ್ಕಾರೆ... ಎಂಜಲಾಗತೈತಿ."

ನಿನ್ನೆ ತನ್ನ ವಾಂತಿಗೆ ಒಡ್ಡಿದ ಬೊಗಸೆ ನೀಲಕ್ಕನ ಕಣ್ಣ ಮುಂದೆ ಬಂತು. ಚೀಸು, ಬಸವನಹುಳು ಯಾವುದೂ ಈಗ ಹೇಸಿಗೆ ಅನ್ನಿಸಲಿಲ್ಲ. ತನ್ನ ಕೈ ನೋಡಿದರೇ ವಾಕರಿಕೆ ಬಂತು.

ಆ ಸ್ಟೀಲ್ ಲೋಟ ಎತ್ತಿದಳು. ತುಟಿ ಹಚ್ಚಿ ಗಟಗಟ ಕುಡಿದಳು.

"ಅಕ್ಕಾರೆ! ಅದು ನಂದ್ರೀ!" ದುರುಗಪ್ಪ ಎದ್ದೇ ನಿಂತ.

"ಗೊತ್ತೈತಿ, ಕೂತ್ಕ. ಮೊದಲು ನೀನು ಅದ್ದು... ಆಮೇಲೆ ನಾನು."

ಆಮೇಲೆ ಫೋರ್ಕಿನ ತುದಿಯಿಂದ ಆ ಚುಕ್ಕಿಯನ್ನ ಕೆರೆಯತೊಡಗಿದಳು. ಅಜ್ಜಿ ಗಾಬರಿಯಾದಳು. "ಅಯ್ಯೋ, ಪ್ರೀತಿಯ ಗುರುತು ಯಾಕೆ ಕೆರೀತೀರಾ?"

"ಪ್ರೀತಿದಲ್ಲ ಅಜ್ಜಿ..." ನೀಲಕ್ಕ ಕೆರೆಯೋದು ನಿಲ್ಲಿಸಲಿಲ್ಲ. "ಹೇಸಿಗೆದು."

ಹನ್ನೊಂದು ವರ್ಷದ ಬಣ್ಣ... ಸುಲಭಕ್ಕೆ ಬಿಡಲಿಲ್ಲ.

ದುರುಗಪ್ಪ ಕಣ್ಣೊರೆಸಿಕೊಳ್ಳೋಕೆ ಹೆಗಲು ತಡವಿದ. ಟವೆಲು ಇರಲಿಲ್ಲ... ನಿನ್ನೆ ಅವಳ ವಾಂತಿ ಬಳಿದು ಬಿಸಾಕಿದ್ದ. ಅಂಗೈಯಲ್ಲೇ ಒರೆಸಿಕೊಂಡ.

*

ಇನ್ನೊಬ್ಬರ ಎಂಜಲಿಗೆ ಹೇಸುವ ಮೊದಲು, ನಮ್ಮ ಹೊಲಸನ್ನ ಬಳಿದ ಕೈ ಯಾರದು ಅಂತ ನೆನೆಯಬೇಕು.

ನಿಮ್ಮ ಮನೆಯ ಕಿಟಕಿಯಲ್ಲೂ ಒಂದು ಲೋಟ ಬೇರೆಯಾಗಿ ಬೋರಲು ಬಿದ್ದಿದೆಯಾ...? ಫೋನ್ ಕೆಳಗಿಟ್ಟು ಒಮ್ಮೆ ಹೋಗಿ ನೋಡ್ತೀರಾ?