ಆ ದಿನ ಬಾರದ ‘ಹೋಲ್ಡಾನ್’

ಕಬಡ್ಡಿ ಗೊತ್ತಿಲ್ಲದವರೂ ಇದನ್ನು ಓದಬಹುದು... ಎರಡು ನಿಮಿಷ ಸಾಕು.

ಮಂಡ್ಯದ ಚಿಕ್ಕಲಿಂಗಯ್ಯನವರು ರಿಟೈರ್ಡ್ ಬಸ್ ಕಂಡಕ್ಟರ್. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕೂಗಿ ಪಳಗಿದ ಗಂಟಲು, ಅದಕ್ಕೆ ಮೈಕ್ ಬೇಕಾಗಿರಲಿಲ್ಲ.

ಅವರ ಜೀವವೆಲ್ಲ ಲೋಕಪಾವನಿ ಟೈಗರ್ಸ್ ಎಂಬ ಕಬಡ್ಡಿ ಟೀಮಿನ ಮೇಲೆ. ಅದರಲ್ಲೂ ಎಂಟು ವರ್ಷದಿಂದ ಆಡುತ್ತಿದ್ದ ರೈಡರ್ ಲೋಹಿತ್ ಮೇಲೆ...

ಲೋಹಿತ್ ಎದುರಾಳಿಗಳ ಕಡೆ ಕಾಲಿಟ್ಟ ತಕ್ಷಣ ಇವರು ಗ್ಯಾಲರಿಯಿಂದ “ರೈಟ್ ರೈಟ್” ಅನ್ನುತ್ತಿದ್ದರು.

ರೈಡರ್‌ಗೆ ಸಿಗುವುದು ಮೂವತ್ತೇ ಸೆಕೆಂಡು. ಅಷ್ಟರೊಳಗೆ ಎದುರಾಳಿಯನ್ನು ಮುಟ್ಟಿ ವಾಪಸ್ ಬರಬೇಕು, ಇಲ್ಲದಿದ್ದರೆ ಔಟ್.

ಇವರು ವಾಚ್ ನೋಡಿಕೊಂಡು, ಇಪ್ಪತ್ತೈದಕ್ಕೆ ಸರಿಯಾಗಿ, ಸ್ಟಾಪ್ ಬಂದಾಗ ಡ್ರೈವರ್‌ಗೆ ಹೇಳುವ ಹಾಗೆ ಕೂಗುತ್ತಿದ್ದರು... “ಹೋಲ್ಡಾನ್!”

ಗ್ಯಾಲರಿ ಪೂರ್ತಿ ನಗುತ್ತಿತ್ತು. ಇವರಿಗೂ ಅದೊಂದು ತಮಾಷೆಯೇ.

ಹೋದ ಸೀಸನ್ನಿನ ಸೆಮಿಫೈನಲ್...

ಮೊದಲರ್ಧದಲ್ಲಿ ಲೋಹಿತ್ ಮೂರು ಸಲ ಸಿಕ್ಕಿಬಿದ್ದ. ಚಿಕ್ಕಲಿಂಗಯ್ಯನವರಿಗೆ ಮೈಯೆಲ್ಲ ಉರಿದುಹೋಯಿತು. “ಇವನಿಗೆ ಇನ್ ಮೇಲೆ ಕೂಗಿದ್ರೆ ಕೇಳು” ಎಂದು ಪಕ್ಕದವರಿಗೆ ಹೇಳಿ, ಕೈಕಟ್ಟಿ ಕೂತುಬಿಟ್ಟರು.

ಎರಡನೇ ಅರ್ಧದಲ್ಲಿ ಲೋಹಿತ್ ಹೋದ ರೈಡೆಲ್ಲ ಇಪ್ಪತ್ತು ಸೆಕೆಂಡಿಗೆ ಮೊದಲೇ ಮುಗಿದವು. ಆಮೇಲೆ ಕೊನೆಯ ರೈಡ್. ಎರಡೂ ಟೀಮಿನ ಸ್ಕೋರ್ ಸಮ ಸಮ. ಲೋಹಿತ್ ಒಬ್ಬನನ್ನು ಮುಟ್ಟಿಯೂ ಆಗಿತ್ತು, ಗೆರೆ ದಾಟಿ ಈಚೆ ಬಂದರೆ ಗೆಲುವು.

ಆದರೆ ಅವನು ಬರಲಿಲ್ಲ. ಇನ್ನೊಬ್ಬನನ್ನು ಮುಟ್ಟಲು ಅಲ್ಲೇ ಸುತ್ತುತ್ತಿದ್ದ... ಮೂವತ್ತು ಸೆಕೆಂಡು ಮುಗಿಯಿತು. ಅವನು ಔಟ್, ಎದುರಾಳಿಗೆ ಪಾಯಿಂಟ್. ಒಂದೇ ಪಾಯಿಂಟಿನಲ್ಲಿ ಸೋಲು.

ಚಿಕ್ಕಲಿಂಗಯ್ಯನವರು ಅಲ್ಲಿ ಒಂದು ನಿಮಿಷ ನಿಲ್ಲಲಿಲ್ಲ. ಆಟೋದಲ್ಲಿ ಕೂತವರೇ ಅಭಿಮಾನಿಗಳ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದರು.

“ಟೈಮ್ ನೋಡಕ್ ಬರ್ದಿರೋನು ಎಂಥ ರೈಡರ್ರೀ? ಡಿಪೋದಲ್ಲಿ ನಿಲ್ಲುಸ್ಬೇಕಾದ ಗಾಡಿನ ರೂಟ್ ಮೇಲೆ ಓಡುಸ್ತಾವ್ರೆ. ಸ್ಕ್ರ್ಯಾಪಿಗೆ ಹಾಕ್ರಯ್ಯ ಅತ್ಲಾಗೆ.”

ಮೆಸೇಜ್ ಊರೆಲ್ಲ ಸುತ್ತಿತು. ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು.

ಎರಡು ತಿಂಗಳಿಗೆ ಟೀಮಿನಲ್ಲಿ ಎಲ್ಲ ಬದಲಾಯಿತು. ಹೊಸ ಕೋಚ್, ಹರಿಯಾಣದಿಂದ ಹೊಸ ರೈಡರ್, ಹಸಿರು ಜೆರ್ಸಿ ಹೋಗಿ ಕಪ್ಪು ಜೆರ್ಸಿ. ಕೈಬಿಟ್ಟವರ ಲಿಸ್ಟಿನಲ್ಲಿ ಮೊದಲ ಹೆಸರೇ ಲೋಹಿತ್.

“ನಮ್ ಮಾತಿಗೂ ಬೆಲೆ ಐತೆ ಕಣಮ್ಮಿ” ಎಂದು ಚಿಕ್ಕಲಿಂಗಯ್ಯನವರು ಹೆಂಡತಿಯ ಮುಂದೆ ಬೀಗಿದರು.

ಹಳೇ ಜೆರ್ಸಿ ಕೊಟ್ಟರೆ ಹೊಸದು ಕೊಡುತ್ತಾರೆ ಎಂದು ಗೊತ್ತಾಗಿ ಕ್ಲಬ್ ಆಫೀಸಿಗೆ ಹೋದರು. ಕೈಯಲ್ಲಿ ಹಸಿರು ಜೆರ್ಸಿ... ಬೆನ್ನ ಮೇಲೆ ಲೋಹಿತ್ ಹೆಸರು.

ಒಳಗಿನಿಂದ ಲೋಹಿತನೇ ಬಂದ. ಕಿಟ್ ವಾಪಸ್ ಕೊಟ್ಟು ಹೊರಟಿದ್ದ.

ಜೆರ್ಸಿ ನೋಡಿದ್ದೇ ಅವನ ಮುಖ ಅರಳಿತು. “ಸೈನ್ ಹಾಕುಸ್ಕೊಳ್ಳಕ್ ಬಂದ್ರಾ ಸಾರ್? ನಾನು ಟೀಮಲ್ಲಿ ಇಲ್ವಲ್ಲ ಈಗ...”

ಇವರು ಜೆರ್ಸಿಯನ್ನು ಬೆನ್ನ ಹಿಂದೆ ಹಿಡಿದುಕೊಂಡರು.

“ನೀವು ಹೋಲ್ಡಾನ್ ಸಾರ್ ಅಲ್ವಾ? ಹುಷಾರಾಗಿದ್ದೀರಾ? ಅವತ್ತು ನನಗೆ ಗಾಬರಿ ಆಗೋಯ್ತು.”

“ಯಾಕಪ್ಪ?”

“ರೈಡಲ್ಲಿ ಗಡಿಯಾರ ಎಲ್ ನೋಡಕಾಯ್ತದೆ ಸಾರ್? ಆ ಗಲಾಟೇಲಿ ನಮ್ ಹುಡುಗ್ರು ಕೂಗಿದ್ರೂ ಕೇಳಕಿಲ್ಲ. ಎಂಟ್ ವರ್ಷದಿಂದ ನಿಮ್ ಹೋಲ್ಡಾನ್ ಕೇಳ್ಕೊಂಡೇ ವಾಪಸ್ ಬತ್ತಿದ್ದೆ. ಅವತ್ತು ಅದು ಬರ್ನಿಲ್ಲ... ಇನ್ನೂ ಟೈಮ್ ಐತೆ ಅನ್ಕೊಂಡೆ.”

ಸ್ವಲ್ಪ ತಡೆದು ಮತ್ತೆ ಹೇಳಿದ. “ಮ್ಯಾಚ್ ಮುಗುದ್ ಮೇಲೆ ನಿಮಗೇನಾಯ್ತೋ ಅಂತ ಗ್ಯಾಲರಿ ಹತ್ರ ಓಡ್ ಬಂದೆ ಸಾರ್. ನಿಮ್ ಸೀಟ್ ಖಾಲಿ ಇತ್ತು.”

ಅವನು ಇವರ ಸೀಟ್ ಹುಡುಕುತ್ತಿದ್ದ ಹೊತ್ತಿಗೆ ಇವರು ಆಟೋದಲ್ಲಿ ಕೂತು ಆ ಮೆಸೇಜ್ ಮಾಡುತ್ತಿದ್ದರು...

ಚಿಕ್ಕಲಿಂಗಯ್ಯನವರ ಕಣ್ಣು ತುಂಬಿಬಂತು. “ನನಗೇನೂ ಆಗಿರ್ನಿಲ್ಲ ಕಣಪ್ಪ. ಸಿಟ್ಟಿಗೆ ಬೇಕೂಂತ್ಲೇ ಬಾಯ್ ಮುಚ್ಕೊಂಡು ಕುಂತಿದ್ದೆ. ಆ ಮೆಸೇಜು... ಅದೂ ನಂದೇ.”

ಲೋಹಿತ್ ನೆಲ ನೋಡಿದ. “ನಾನು ಆ ಮೆಸೇಜ್ ಕೇಳಕ್ ಹೋಗ್ನಿಲ್ಲ. ನಮ್ ಮಗಳು ಸ್ಕೂಲಲ್ಲಿ ಅದನ್ನ ಕೇಳುಸ್ಕೊಂಡು ಅತ್ಕೊಂಡು ಬಂದಿದ್ಲು ಸಾರ್” ಅಂದ.

ಆಮೇಲೆ ಜೆರ್ಸಿ ಇಸಿದುಕೊಂಡು ಸೈನ್ ಹಾಕಿ, ಮಡಚಿ, ಇವರ ಕೈಗಿಟ್ಟ.

“ಹೊಸ ಹುಡುಗನಿಗೆ ಕನ್ನಡ ಬರಕಿಲ್ಲ. ಆದ್ರೆ ಹೋಲ್ಡಾನ್ ಅಂದ್ರೆ ಏನೂಂತ ನಾನು ಹೇಳಿವ್ನಿ. ಅವನಿಗೆ ತಪ್ಪುಸ್ಬೇಡಿ ಸಾರ್.”

ಅಷ್ಟು ಹೇಳಿ ಬೈಕ್ ಹತ್ತಿ ಹೊರಟುಹೋದ. ಇವರು ಇನ್ನೂ ಕ್ಷಮೆ ಕೇಳಿರಲಿಲ್ಲ.

ಅದೇ ಸಂಜೆ ಇವರು ಗ್ರೂಪಿನಲ್ಲಿ ನಡೆದದ್ದನ್ನೆಲ್ಲ ಹೇಳಿಕೊಂಡು ಇನ್ನೊಂದು ವಾಯ್ಸ್ ಮೆಸೇಜ್ ಹಾಕಿದರು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಹೊಸ ಸೀಸನ್ನಿನ ಮೊದಲ ಮ್ಯಾಚ್. ಗ್ಯಾಲರಿಯಲ್ಲಿ ಕಪ್ಪು ಜೆರ್ಸಿಗಳ ಮಧ್ಯೆ ಚಿಕ್ಕಲಿಂಗಯ್ಯನವರೊಬ್ಬರೇ ಹಸಿರು.

ಹರಿಯಾಣದ ಹುಡುಗ ರೈಡಿಗೆ ಹೋದ. ಇವರು ವಾಚ್ ನೋಡುತ್ತಾ ಎದ್ದು ನಿಂತರು. ಇಪ್ಪತ್ಮೂರು... ಇಪ್ಪತ್ನಾಲ್ಕು...

“ಹೋಲ್ಡಾನ್!”

ಹುಡುಗ ಗಕ್ಕನೆ ತಿರುಗಿ ಗೆರೆ ದಾಟಿದ. ಪಾಯಿಂಟ್ ಬಂತು. ಗ್ಯಾಲರಿ ಎದ್ದು ಕುಣಿಯಿತು.

ಚಿಕ್ಕಲಿಂಗಯ್ಯನವರು ಮಾತ್ರ ಕೂತು, ಜೆರ್ಸಿಯ ಅಂಚಿನಿಂದ ಕಣ್ಣೊರೆಸಿಕೊಂಡರು. ಇದೇ ಒಂದು ಕೂಗು ಅವತ್ತು ಕೂಗಿದ್ದರೆ ಲೋಹಿತ್ ಇನ್ನೂ ಇಲ್ಲೇ ಆಡುತ್ತಿದ್ದ...

*

ಸೋತವರನ್ನು ಬೈಯುವ ಮೊದಲು, ಅವರಿಗೆ ಬೇಕಾಗಿದ್ದಾಗ ನಮ್ಮ ಧ್ವನಿ ಎಲ್ಲಿತ್ತು ಎಂದು ಒಮ್ಮೆ ಕೇಳಿಕೊಳ್ಳೋಣ.

ಸಿಟ್ಟಿಗೆ ನೀವು ಮಾತು ನಿಲ್ಲಿಸಿರುವ ಯಾರೋ ಒಬ್ಬರು, ಈಗಲೂ ನಿಮ್ಮ ಒಂದು ಕೂಗಿಗೆ ಕಿವಿಗೊಟ್ಟು ಕಾಯುತ್ತಿರಬಹುದಲ್ಲವೇ?