ಐವತ್ತನೆಯ ಬಾಟಲಿ

ಸಮೀಕ್ಷೆಗೆ ಐವತ್ತು ಹೆಂಗಸರ ಮೂತ್ರದ ಬಾಟಲಿ ಬೇಕಿತ್ತು. ಐವತ್ತನೆಯವಳು, ಹತ್ತು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡ ಗುರುಬಸವ್ವ, ಆಶಾ ಕಾರ್ಯಕರ್ತೆ ಸಾವಂತ್ರಿಯನ್ನು ಮೂರು ಸಲ ಬಾಗಿಲಿಂದಲೇ ಅಟ್ಟಿದಳು.

“ನನ್ನ ಉಚ್ಚಿ ತಗೊಂಡು ಸರಕಾರ ಏನ್ ಮಾಡ್ತದ? ಹೋಗವ್ವ ನೀನು!”

ಆದರೂ ಸಂಜೆಗೆ ಐವತ್ತೂ ಬಾಟಲಿಗಳು ಆಸ್ಪತ್ರೆ ತಲುಪಿದವು.

ವಾರದ ನಂತರ ಡಾಕ್ಟರು ಸಾವಂತ್ರಿಯನ್ನು ಕರೆಸಿ ವರದಿ ಓದಿದರು. “ಗುರುಬಸವ್ವನ ಬಾಟಲಿಯೊಳಗ ಮಾತ್ರ ಪರೋಪಜೀವಿ ಅದ. ಗಂಡಸರಿಂದ ಹೆಂಗಸರಿಗೆ ಹರಡೋ ಸೋಂಕು.”

ನರ್ಸ್ ನಕ್ಕಳು. “ಗಂಡ ಇಲ್ಲದಾಕಿಗೆ ಹ್ಯಾಂಗ್ ಬಂತ್ರೀ ಸರ? ಊರಿಗೆಲ್ಲ ಗೊತ್ತಾದ್ರ ಮುಗೀತು ಆಕಿ ಕಥಿ!”

ಸಾವಂತ್ರಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಆ ಬಾಟಲಿ ಆಕಿದಲ್ರೀ ಸರ. ಗುಳಿಗಿ ಇಬ್ಬರಿಗೆ ಕೊಡ್ರಿ,” ಎಂದಳು, “ನನಗ, ಮತ್ತ ನಮ್ಮ ಮನಿಯವರಿಗೆ.”